ಕುಗ್ಗಿದ ದನಿ ಮತ್ತು ವಾಲ್ವಿನ ಮೇಲಣ ಅಪವಾದ

ಗಿಟಾರಿನ ವಾಲ್ವು ವರ್ಧಕವು ಮೊದಲು ತುಂಬುದನಿಯಲ್ಲಿ ನುಡಿದು, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸೊರಗಿದರೆ, ಕೋಲಾರವಾಗಲಿ ಮುಳಬಾಗಿಲಾಗಲಿ, ಮೊದಲು ಕೇಳಿಬರುವ ತೀರ್ಪು “ವಾಲ್ವು ಹೋಗಿದೆ, ಬದಲಾಯಿಸಿ” ಎಂಬುದೇ. ಈ ತೀರ್ಪನ್ನು ನಾವು ಒಪ್ಪಲಾರೆವು. ವಾಲ್ವಿಗೂ ಮುಪ್ಪುಂಟು, ನಿಜ; ಆದರೆ ವಿಚಾರಣೆಯಿಲ್ಲದೆ ಶಿಕ್ಷೆ ವಿಧಿಸುವುದು ವಿಜ್ಞಾನದ ರೀತಿಯಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತ್ತು. ಆ ಕಾಲ ಕಳೆಯಿತು. ಇಂದು ಹೊಸ ವಾಲ್ವುಗಳು ಬಹುಮಟ್ಟಿಗೆ ರಷ್ಯ, ಚೀನ, ಸ್ಲೊವಾಕಿಯಗಳಿಂದ ಬರಬೇಕು. ವಿದ್ಯಾರ್ಥಿಯ ಕೈಕಾಸನ್ನು ಊಹೆಗೆ ತೆರುವುದು ನ್ಯಾಯವೆ?

ನಮ್ಮ ಸೀಮೆಯಲ್ಲಿ ಮೊದಲು ಅಳೆಯಬೇಕಾದುದು ಗೋಡೆಯ ವಿದ್ಯುತ್ತನ್ನು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ತು ಹರಿದಾಗ, ಸುಮಾರು 150 ಕಿಲೋಮೀಟರು ದೂರದ ತಂತಿಯಲ್ಲಿ ಅದು ಸೋರಿಹೋಗದಿರಲೆಂದೇ ಎಂಜಿನಿಯರುಗಳು ವೋಲ್ಟೇಜನ್ನು ಬಹಳ ಏರಿಸಿ ಕಳುಹಿಸಿದರು. ಊರಂಚಿನ ಕಡಿಮೆ ವೋಲ್ಟೇಜಿನ ತಂತಿಗೆ ಆ ಅನುಕೂಲವಿಲ್ಲ. ಬತ್ತದ ನದಿಯೊಂದಿಲ್ಲದ ಈ ಜಿಲ್ಲೆಯಲ್ಲಿ ಬೇಸಾಯವು ಆಳದ ಕೊಳವೆಬಾವಿಗಳನ್ನು ನಂಬಿದೆ; ಮಾಲೂರು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಪಂಪುಗಳೆಲ್ಲ ಒಟ್ಟಿಗೆ ತಿರುಗತೊಡಗಿದರೆ 230 ವೋಲ್ಟು 180ಕ್ಕೆ ಇಳಿಯಬಹುದು. ಆಗ ವಾಲ್ವಿನ ತಂತುವಿಗೆ ಸಲ್ಲಬೇಕಾದ 6.3 ವೋಲ್ಟು 4.9 ಆಗುತ್ತದೆ, ಪ್ಲೇಟಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಹೊರಬರುವ ಶಕ್ತಿಯು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಐದರಲ್ಲಿ ಮೂರು ಪಾಲಷ್ಟೇ ಉಳಿದೀತು. ತಣ್ಣಗಾದ ಕ್ಯಾಥೋಡು ಎಲೆಕ್ಟ್ರಾನುಗಳನ್ನು ಸಾಕಷ್ಟು ಸೂಸದಿದ್ದರೆ ಇನ್ನೂ ಕಡಿಮೆ. ಇದರಲ್ಲಿ ವಾಲ್ವಿನ ತಪ್ಪೇನಿದೆ?

ಎರಡನೆಯದು ತಂತಿ ಸಿಕ್ಕಿಸುವ ತೂತುಗಳು. ಹೊರಗಿನ ಉಪಕರಣಗಳಿಗೆಂದು ಕಳುಹಿಸುವ ಮತ್ತು ಹಿಂದಕ್ಕೆ ಪಡೆಯುವ ಎರಡು ತೂತುಗಳಿದ್ದರೆ, ಅವನ್ನು ಒಂದು ಗಿಡ್ಡ ತಂತಿಯಿಂದ ಜೋಡಿಸಿ ನೋಡಿರಿ. ದನಿ ಮರಳಿದರೆ, ಒಳಗಿನ ಸಂಪರ್ಕದ ಪಟ್ಟಿಗೆ ಕಿಲುಬು ಹಿಡಿದಿದೆಯೆಂದು ತಿಳಿಯಬಹುದು. ಖರ್ಚಿಲ್ಲ, ಪೆಟ್ಟಿಗೆಯನ್ನು ಬಿಚ್ಚಬೇಕಾಗಿಯೂ ಇಲ್ಲ.

ಇನ್ನು ಒಳಗಿನ ಮಾತು. ಇಸಿಸಿ 83 ಎಂಬ ವಾಲ್ವಿನ ಒಂದು ಹಂತವು, ಪ್ಲೇಟಿಗೆ 1 ಲಕ್ಷ ಓಮು, ಕ್ಯಾಥೋಡಿಗೆ 1500 ಓಮು ರೋಧಕವಿರುವಾಗ, ಸಂಕೇತವನ್ನು ಸುಮಾರು 60 ಪಟ್ಟು ಹಿಗ್ಗಿಸುತ್ತದೆ. ಕ್ಯಾಥೋಡಿನ ಪಕ್ಕದ ಕಂಡೆನ್ಸರು ಒಣಗಿಹೋದರೆ ಕ್ಯಾಥೋಡಿನ ವೋಲ್ಟೇಜು ಗ್ರಿಡ್ಡಿನೊಡನೆ ತಾನೂ ಏರಿಳಿದು ಅದನ್ನೇ ಎದುರಿಸುತ್ತದೆ. ಹಿಗ್ಗು 32 ಪಟ್ಟಿಗೆ ಇಳಿಯುತ್ತದೆ. ಶಕ್ತಿಯು ಕಾಲುಭಾಗಕ್ಕೆ ಕುಸಿದರೂ ನಮ್ಮ ಕಿವಿಗೆ ದನಿ ಅರ್ಧವಾದಂತೆಯೂ ತೋರದು. ಕಿವಿಯು ಒಳ್ಳೆಯ ರಸಿಕ, ಆದರೆ ಕೆಟ್ಟ ಮಾಪಕ.

ಎಲ್ಲಕ್ಕಿಂತ ಕಪಟಿಯಾದುದು ಎರಡು ಹಂತಗಳ ನಡುವಣ ಕಂಡೆನ್ಸರು. ಅದು ಬಿಸಿಯೇರಿದಂತೆ ಸೋರತೊಡಗಿದರೆ, ಹಿಂದಿನ ಪ್ಲೇಟಿನ ಧನ ವೋಲ್ಟೇಜು ಕೊನೆಯ ವಾಲ್ವಿನ ಗ್ರಿಡ್ಡಿಗೆ ನುಸುಳುತ್ತದೆ. ವಾಲ್ವು ಮಿತಿಮೀರಿ ಪ್ರವಾಹವನ್ನು ಎಳೆದುಕೊಳ್ಳುತ್ತದೆ, ಪ್ಲೇಟು ಕೆಂಪಾಗಬಹುದು, ಸರಬರಾಜು ಕುಗ್ಗುತ್ತದೆ, ದನಿ ಸೊರಗುತ್ತದೆ. ಅಲ್ಲಿ ಹೊಸ ವಾಲ್ವನ್ನು ಸಿಕ್ಕಿಸಿದವನು ಮತ್ತೊಂದು ಬಲಿಯನ್ನು ಒಪ್ಪಿಸಿದಂತಾಯಿತೇ ಹೊರತು ರೋಗವನ್ನು ಕಂಡವನಲ್ಲ. ಆ ಗ್ರಿಡ್ಡಿನಲ್ಲಿ ವೋಲ್ಟೇಜು ಸೊನ್ನೆಯೋ ಋಣವೋ ಇರಬೇಕು; ಧನವಾಗಿದ್ದರೆ ಕಂಡೆನ್ಸರನ್ನೇ ಮೊದಲು ಶಂಕಿಸತಕ್ಕದ್ದು.

ವಾಲ್ವು ಬದಲಿಸಿ ನೋಡುವುದು ಸುಲಭವೆಂಬ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಒಂದೇ ಜಾತಿಯ ಎರಡು ಸಣ್ಣ ವಾಲ್ವುಗಳಿದ್ದರೆ, ವಿದ್ಯುತ್ತನ್ನು ತಪ್ಪಿಸಿ, ಅವು ಆರಿದ ಮೇಲೆ ಸ್ಥಳ ಬದಲಿಸಿ ನೋಡುವುದು ಉಚಿತವೇ. ಅದು ಪರೀಕ್ಷೆ, ಖರೀದಿಯಲ್ಲ. ಆದರೆ ಪೆಟ್ಟಿಗೆಯ ಒಳಗೆ 300-400 ವೋಲ್ಟು ಇರುತ್ತದೆ. ತಂತಿಯನ್ನು ಗೋಡೆಯಿಂದ ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರಬಲ್ಲದು. ಆದುದರಿಂದ ಒಳಗಿನ ಅಳತೆಗಳನ್ನು ವಿದ್ಯಾರ್ಥಿಯು ಒಂಟಿಯಾಗಿ ಮಾಡಲೇಕೂಡದು.

ನಮ್ಮ ಕಾಲೇಜುಗಳ ಭೌತವಿಜ್ಞಾನದ ಪ್ರಯೋಗಶಾಲೆಗಳು ಇಂಥ ಒಂದು ಹಳೆಯ ವರ್ಧಕವನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಲಿ ಎಂಬುದು ನಮ್ಮ ಬೇಡಿಕೆ. ಬಲ್ಲ ಉಪಾಧ್ಯಾಯರು ಬಳಿಯಲ್ಲಿ ನಿಂತಿರಲಿ, ಧ್ವನಿವರ್ಧಕದ ಹಾರ್ನೋ ಸ್ಪೀಕರೋ ಜೋಡಿಸಿಯೇ ಇರಲಿ; ಹೊರೆಯಿಲ್ಲದೆ ನಡೆಸಿದರೆ ಟ್ರಾನ್ಸ್‌ಫಾರ್ಮರು ಸುಟ್ಟೀತು. ವರ್ಧಕ ಹಚ್ಚಿದ ಹೊಸದರಲ್ಲಿ ಒಮ್ಮೆ, ದನಿ ಕುಗ್ಗಿದ ಮೇಲೆ ಇನ್ನೊಮ್ಮೆ, ಅದೇ ಬಿಂದುಗಳ ವೋಲ್ಟೇಜನ್ನು ಬರೆದುಕೊಂಡು ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.