ಒಳಗಿನ ಪೆಟ್ಟಿಗೆ ಹೊರಗೆ ಬಂತು ನೋಡಿ!



‘ಇಂಟರ್‌ಸ್ಟೆಲ್ಲರ್’ ನೋಡಿದ್ದೀರಿ ತಾನೇ? ಕ್ರಿಸ್ಟೋಫರ್ ನೋಲನ್ 2014ರಲ್ಲಿ ತೆಗೆದ ಚಿತ್ರ. ಆಗ ತಪ್ಪಿಸಿಕೊಂಡವರು 2025ರ ಫೆಬ್ರವರಿಯಲ್ಲಿ ಅದು ಮತ್ತೆ ಬಿಡುಗಡೆಯಾದಾಗ ನೋಡಿರಬೇಕು. ಕೊನೇ ರೀಲುಗಳಲ್ಲಿ ಹೀರೋ ಕೂಪರ್ ಕಪ್ಪುಕುಳಿಯೊಳಗೆ ಬಿದ್ದು ಎಲ್ಲಿಗೋ ಹೋಗಿ ಸೇರ್ತಾನಲ್ಲ, ನೆನಪಿದೆಯಾ? ಮಗಳ ಪುಸ್ತಕದ ಬೀರುವಿನ ಹಿಂಭಾಗ! ಅದೇ ಬೀರು ಮೇಲೆ, ಅದೇ ಬೀರು ಕೆಳಗೆ, ಅಕ್ಕಪಕ್ಕದಲ್ಲೂ ಅದೇ... ಲೆಕ್ಕವೇ ಇಲ್ಲ. ಆ ಜಾಗಕ್ಕೆ ಚಿತ್ರದಲ್ಲಿ ‘ಟೆಸರಾಕ್ಟ್’ ಅಂತ ಹೆಸರು.

ಆಟ ಬಿಟ್ಟ ಮೇಲೆ ಟೀ ಅಂಗಡಿ ಮುಂದೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. “ಗುರೂ, ಅದೇನೋ ಅದು?” ಅಂತ ಒಬ್ಬ. “ನಾಲ್ಕನೇ ಆಯಾಮ ಕಣೋ” ಅಂತ ಇನ್ನೊಬ್ಬ. ಉಳಿದವರು ತಲೆ ಆಡಿಸ್ತಾರೆ. ಅಷ್ಟರಲ್ಲಿ ಬಸ್ಸು ಬರುತ್ತೆ. ವಿಷಯ ಖಲಾಸ್! ಈ ವಾರ ಮಾತ್ರ ಬಸ್ಸು ಬಂದರೂ ಬಿಟ್ಟುಬಿಡೋಣ. ಮುಂದಿನ ಬಸ್ಸಿಗೆ ಹೋದರಾಯಿತು.

(ನಡುವೆ ಒಂದು ಮಾತು. 2012ರ ‘ಅವೆಂಜರ್ಸ್’ ಚಿತ್ರದಲ್ಲಿ ಎಲ್ಲರೂ ಕಿತ್ತಾಡುವ ಆ ನೀಲಿ ಡಬ್ಬಿಗೂ ಟೆಸರಾಕ್ಟ್ ಅಂತಲೇ ಹೆಸರು. ಕಣ್ಣಿಗೆ ಅದು ಮಾಮೂಲಿ ಆರು ಮುಖದ ಪೆಟ್ಟಿಗೆ. ಹೆಸರು ಮಾತ್ರ ದೊಡ್ಡದು!)

ಅಸಲಿ ಟೆಸರಾಕ್ಟ್ ಎಂದರೇನು? ಕಾಗದದ ಮೇಲೆ ಒಂದು ಚುಕ್ಕಿ ಇಡಿ. ಅದನ್ನು ಒಂದು ದಿಕ್ಕಿಗೆ ಎಳೆದರೆ ಗೆರೆ, ತುದಿ 2. ಆ ಗೆರೆಯನ್ನು ಅಡ್ಡಕ್ಕೆ ಎಳೆದರೆ ಚೌಕ, ಮೂಲೆ 4. ಚೌಕವನ್ನು ಮೇಲಕ್ಕೆ ಎತ್ತಿದರೆ ಲೂಡೋ ದಾಳ, ಮೂಲೆ 8. ಇಲ್ಲಿಯವರೆಗೆ ನಮ್ಮದೇ ಊರು, ನಮ್ಮದೇ ಬೀದಿ. ಈಗ ಆ ದಾಳವನ್ನು ಈ ಮೂರು ದಿಕ್ಕಿಗೂ ನೆಟ್ಟಗೆ ಅಡ್ಡನಾದ ಇನ್ನೊಂದು ದಿಕ್ಕಿಗೆ ಎಳೆಯಿರಿ. ಎಲ್ಲಿದೆ ಸ್ವಾಮಿ ಆ ದಿಕ್ಕು? ಬೆರಳು ಮಾಡಿ ತೋರಿಸೋಕೆ ಯಾರಿಂದಲೂ ಆಗಲ್ಲ. ಆದರೆ ಲೆಕ್ಕಕ್ಕೆ ಅದರ ಹಂಗಿಲ್ಲ. ಮೂಲೆ 16, ಅಂಚು 32, ಚೌಕ 24, ಸುತ್ತುವರಿದ ದಾಳಗಳು 8. ಅದೇ ಟೆಸರಾಕ್ಟ್. ಈ ಹೆಸರನ್ನು 1888ರಲ್ಲಿ ಅಚ್ಚಿಗೆ ತಂದವನು ಚಾರ್ಲ್ಸ್ ಹೋವರ್ಡ್ ಹಿಂಟನ್ ಎಂಬ ಇಂಗ್ಲಿಷಿನವನು. ಬಣ್ಣ ಬಳಿದ ಮರದ ದಾಳಗಳನ್ನು ಜೋಡಿಸಿ, ಕೆಡವಿ, ಮತ್ತೆ ಜೋಡಿಸಿ ನಾಲ್ಕನೇ ದಿಕ್ಕನ್ನು ಮನಸ್ಸಿನಲ್ಲಿ ಕಾಣಬಹುದು ಅಂತ ಅವನ ವಾದ. ಅವನ ನಾದಿನಿ ಅಲಿಷಿಯಾ ಬೂಲ್ ಹುಡುಗಿಯಾಗಿದ್ದಾಗ ಆ ದಾಳಗಳೊಂದಿಗೆ ಪಳಗಿದವಳು. ಕಾಲೇಜಿನ ಮೆಟ್ಟಿಲು ಹತ್ತದೆಯೇ ನಾಲ್ಕು ಆಯಾಮದ ಆಕೃತಿಗಳನ್ನು ಹೋಳು ಮಾಡಿದರೆ ಹೇಗೆ ಕಾಣುತ್ತವೆ ಅಂತ ರಟ್ಟು ಕತ್ತರಿಸಿ ಮಾಡಿಟ್ಟಳು. ಆ ಹೆಣ್ಣುಮಗಳ ಮೇಲೇ ಒಂದು ಸಿನಿಮಾ ತೆಗೆಯಬಹುದು ಕಣ್ರೀ!

ಸರಿ, ನಮ್ಮ ಖಾತೆಗೆ ಬರೋಣ. ಸಿನಿಮಾ!

1960ರ ದಶಕದ ನಡುಭಾಗ. ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಲ್ ಲ್ಯಾಬೊರೇಟರೀಸ್ ಅಂತ ಟೆಲಿಫೋನ್ ಕಂಪನಿಯ ಸಂಶೋಧನಾಲಯ. ನಮ್ಮ ಟ್ರಾನ್ಸಿಸ್ಟರ್ ರೇಡಿಯೋಗೆ ಜೀವ ಕೊಟ್ಟ ಟ್ರಾನ್ಸಿಸ್ಟರ್ 1947ರಲ್ಲಿ ಹುಟ್ಟಿದ್ದೂ ಅಲ್ಲೇ. ಅಲ್ಲಿ ಎ. ಮೈಕೆಲ್ ನೋಲ್ ಎಂಬ ಇಪ್ಪತ್ತೈದರ ಆಸುಪಾಸಿನ ಎಂಜಿನಿಯರ್ ಒಬ್ಬ ಟೆಸರಾಕ್ಟನ್ನೇ ಹೀರೋ ಮಾಡಿ ಫಿಲ್ಮ್ ತೆಗೆಯಲು ಹೊರಟ. ಕ್ಯಾಮೆರಾಮನ್ ಇಲ್ಲ, ಲೈಟ್‌ಬಾಯ್ ಇಲ್ಲ, ಕ್ಲಾಪ್ ಹೊಡೆಯೋನೂ ಇಲ್ಲ. ಕೋಣೆ ತುಂಬುವ ಕಂಪ್ಯೂಟರು ಲೆಕ್ಕ ಹಾಕಿ ಟೇಪಿಗೆ ಬರೆಯೋದು. ಆ ಟೇಪನ್ನು ಓದುವ ಇನ್ನೊಂದು ಯಂತ್ರ ಪಿಕ್ಚರ್ ಟ್ಯೂಬಿನ ಮೇಲೆ ಗೆರೆ ಎಳೆಯೋದು. ಎದುರಿಗಿದ್ದ ಕ್ಯಾಮೆರಾ ಒಂದು ಫ್ರೇಮು ಹಿಡಿಯೋದು. ರೀಲು ಒಂದು ಹೆಜ್ಜೆ ಸರಿಯೋದು. ಮತ್ತೆ ಲೆಕ್ಕ, ಮತ್ತೆ ಗೆರೆ. ಸೆಕೆಂಡಿಗೆ 24 ಫ್ರೇಮು ಅಂದರೆ ನಿಮಿಷಕ್ಕೆ 1,440. ನೋಲ್‌ಗೆ ಅದೂ ಸಾಲದು! ಎಡಗಣ್ಣಿಗೊಂದು ಚಿತ್ರ, ಬಲಗಣ್ಣಿಗೊಂದು ಚಿತ್ರ ಅಂತ ಜೋಡಿ ಮಾಡಿಸಿದ. ನಿಮಿಷಕ್ಕೆ 2,880. 1984ರಲ್ಲಿ ‘ಮೈ ಡಿಯರ್ ಕುಟ್ಟಿಚಾತ್ತನ್’ ಬಂದಾಗ ಕನ್ನಡಕ ಹಾಕಿಕೊಂಡು ಕೂತವರಿಗೆ ಈ ಎರಡು ಕಣ್ಣಿನ ಮರ್ಮ ಗೊತ್ತು.

ತೆರೆ ಮೇಲೆ ಏನು ಕಂಡಿತು? ದೊಡ್ಡ ಪೆಟ್ಟಿಗೆಯೊಳಗೊಂದು ಚಿಕ್ಕ ಪೆಟ್ಟಿಗೆ, ಮೂಲೆಯಿಂದ ಮೂಲೆಗೆ ಗೆರೆ. ಅದು ತಿರುಗೋಕೆ ಶುರುವಾಗುತ್ತೆ... ಚಿಕ್ಕ ಪೆಟ್ಟಿಗೆ ಉಬ್ಬುತ್ತಾ ಒಂದು ಮಗ್ಗುಲಿಗೆ ಸರಿಯುತ್ತೆ, ಹೊರಗೆ ಬರುತ್ತೆ, ದೊಡ್ಡದನ್ನೇ ಹೊದ್ದುಕೊಳ್ಳುತ್ತೆ! ಮೊದಲು ದೊಡ್ಡದಾಗಿದ್ದದ್ದು ಕುಗ್ಗಿ ಒಳಗೆ ಹೋಗುತ್ತೆ. ಅಂಗಿಯನ್ನು ಒಳಮಗ್ಗುಲಿಗೆ ತಿರುವಿದ ಹಾಗೆ. ನಿಲ್ಲೋದೇ ಇಲ್ಲ.

ಇಲ್ಲಿ ಮೋಸ ಏನೂ ಇಲ್ಲ. ಒಂದು ತಂತಿ ಪಂಜರ ತಗೊಳ್ಳಿ. ಒಂದೇ ಒಂದು ಸಣ್ಣ ದೀಪದ ಮುಂದೆ ಹಿಡಿದು ಗೋಡೆ ಮೇಲಿನ ನೆರಳು ನೋಡಿ. ದೀಪಕ್ಕೆ ಹತ್ತಿರದ ಮುಖ ದೊಡ್ಡ ಚೌಕ, ದೂರದ ಮುಖ ಚಿಕ್ಕ ಚೌಕ. ದೊಡ್ಡದರೊಳಗೆ ಚಿಕ್ಕದು! ಪಂಜರವನ್ನು ಮೆಲ್ಲಗೆ ತಿರುಗಿಸಿ. ನೆರಳಿನಲ್ಲಿ ಚಿಕ್ಕ ಚೌಕ ಹಿಗ್ಗಿ ದೊಡ್ಡದಾಗುತ್ತೆ, ದೊಡ್ಡದು ಕುಗ್ಗುತ್ತೆ. ಪಂಜರದ ತಂತಿ ಒಂದು ಕೂದಲೆಳೆಯಷ್ಟೂ ಹಿಗ್ಗಿಲ್ಲ ತಾನೇ? ಟೆಸರಾಕ್ಟಿನ ಕಥೆಯೂ ಅಷ್ಟೇ. ಒಳಗಿನ ಪೆಟ್ಟಿಗೆ ಚಿಕ್ಕದಲ್ಲ ಸ್ವಾಮಿ, ದೂರದ್ದು! ನಾಲ್ಕನೇ ದಿಕ್ಕಿನಲ್ಲಿ ದೂರದ್ದು. ನಮ್ಮ ಕಣ್ಣಿಗೆ ಬೀಳೋದು ಅದರ ನೆರಳು ಮಾತ್ರ.

ತಿರುಗೋದು ಅನ್ನೋದನ್ನೂ ಸ್ವಲ್ಪ ಬಿಚ್ಚಿ ನೋಡಬೇಕು. ಗಾಡಿ ಚಕ್ರ, ಬುಗುರಿ, ಫ್ಯಾನು... ಎಲ್ಲಕ್ಕೂ ನಡುವೆ ಒಂದು ಅಚ್ಚು. ತಿರುಗಬೇಕಾದರೆ ಅಚ್ಚು ಬೇಕೇ ಬೇಕು ಅಂತ ನಾವು ನಂಬಿಕೊಂಡಿದ್ದೀವಿ. ಆದರೆ ಫ್ಯಾನಿನ ರೆಕ್ಕೆಯ ತುದಿ ಮಾಡೋದೇನು? ಪೂರ್ವವನ್ನು ಕೊಟ್ಟು ಉತ್ತರವನ್ನು ಪಡೆಯುತ್ತೆ, ಉತ್ತರವನ್ನು ಕೊಟ್ಟು ಪಶ್ಚಿಮಕ್ಕೆ ಹೋಗುತ್ತೆ. ಎತ್ತರ ಮಾತ್ರ ಇದ್ದಷ್ಟೇ. ಅಂದರೆ ತಿರುಗಾಟ ಎರಡು ದಿಕ್ಕುಗಳ ನಡುವಿನ ಕೊಡು-ಕೊಳ್ಳು ವ್ಯವಹಾರ. ಮೂರು ದಿಕ್ಕಿದ್ದರೆ ಇಂಥ ಜೋಡಿಗಳು 3. ನಾಲ್ಕು ದಿಕ್ಕಿದ್ದರೆ 6! ಅದರಲ್ಲಿ 3 ನಮ್ಮ ಹಳೇ ಬುಗುರಿ ಆಟ. ಉಳಿದ 3ರಲ್ಲಿ ಒಂದು ಕೈ ನಮ್ಮ ಲೋಕದಲ್ಲಿ, ಇನ್ನೊಂದು ಕೈ ಆ ಕಾಣದ ದಿಕ್ಕಿನಲ್ಲಿ. ಒಳಗಿನ ಪೆಟ್ಟಿಗೆ ಹೊರಗೆ ಬರೋದು ಆ ಮೂರರಲ್ಲೇ. ಕಂಪ್ಯೂಟರಿಗೆ ಇದು ಕಷ್ಟವೇ ಅಲ್ಲ. ಒಂದೊಂದು ಮೂಲೆಗೆ ನಾಲ್ಕು ಅಂಕಿ, 16 ಮೂಲೆಗೆ 64 ಅಂಕಿ. ಅದಕ್ಕೆ ದಿಕ್ಕು ಕಾಣಬೇಕಾಗಿಲ್ಲ, ಲೆಕ್ಕ ಬಂದರೆ ಸಾಕು. ಕಾಣಬೇಕಾದದ್ದು ನಮಗೆ!

ಕಂಡಿತೇ? ನಾನು ಈ ಕಥೆಯ ಬೆನ್ನು ಹತ್ತಿದ್ದೇ ಈ ಪ್ರಶ್ನೆಗೆ. ಇಷ್ಟೆಲ್ಲ ಮಾಡಿದ ನೋಲ್ 1967ರಲ್ಲಿ ತನ್ನ ವಿಧಾನವನ್ನು ಲೇಖನವಾಗಿ ಬರೆದ. ಅದರಲ್ಲಿ ಒಂದು ವಿಷಯವನ್ನು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟ. ಈ ಫಿಲ್ಮು ನೋಡಿದರೆ ನಾಲ್ಕನೇ ಆಯಾಮ ಮನಸ್ಸಿಗೆ ಹತ್ತುತ್ತೆ ಅಂತ ಆಸೆ ಇತ್ತು, ಹಾಗೆ ಆಗಲಿಲ್ಲ ಅಂತ. ನಿರ್ಮಾಪಕನೇ, ನಿರ್ದೇಶಕನೇ ತನ್ನ ಚಿತ್ರ ಸೋತಿತು ಅಂತ ಬರೆಯೋದು! ನಮ್ಮ ಗಾಂಧಿನಗರದಲ್ಲಿ ಇಂಥದ್ದು ಕೇಳಿದ್ದೀರಾ? ಆದರೆ ತಂತ್ರ ವ್ಯರ್ಥವಾಗಲಿಲ್ಲ. 1968ರಲ್ಲಿ ಅದೇ ಲೆಕ್ಕಕ್ಕೆ ಪೆಟ್ಟಿಗೆಯ ಬದಲು ಅಕ್ಷರಗಳನ್ನು ಕೊಟ್ಟು, ‘ಇನ್‌ಕ್ರೆಡಿಬಲ್ ಮಷೀನ್’ ಎಂಬ ಕಿರುಚಿತ್ರಕ್ಕೆ ನೋಲ್ ಟೈಟಲ್ ಮಾಡಿಕೊಟ್ಟ. ಅಕ್ಷರಗಳು ನಾಲ್ಕು ಆಯಾಮದಲ್ಲಿ ತಿರುಗಿ ಬಂದು ನಿಲ್ಲೋದು! ಇವತ್ತು ಹೀರೋ ಹೆಸರು ಗಿರಗಿರ ತಿರುಗಿ ಬಂದಾಗ ಸೀಟಿ ಹೊಡೀತೀರಲ್ಲ, ಆ ಜಾತಿಯ ಕಂಪ್ಯೂಟರ್ ಟೈಟಲ್‌ಗಳ ಅಜ್ಜಂದಿರಲ್ಲಿ ಇದೂ ಒಂದು.

ಹತ್ತು ವರ್ಷ ಕಳೆಯಿತು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಬ್ಯಾಂಚಾಫ್ ಎಂಬ ಗಣಿತದ ಮೇಷ್ಟ್ರು, ಚಾರ್ಲ್ಸ್ ಸ್ಟ್ರಾಸ್ ಎಂಬ ಕಂಪ್ಯೂಟರ್ ತಜ್ಞ ಸೇರಿ 1978ರಲ್ಲಿ ಟೆಸರಾಕ್ಟಿನ ಇನ್ನೊಂದು ಫಿಲ್ಮು ಮಾಡಿದರು. ಅದನ್ನು ನೋಡಿ ಬೆರಗಾದವರು ಬಹಳ. ಅದಕ್ಕೂ ಮೊದಲು 1975ರಲ್ಲಿ ಬ್ಯಾಂಚಾಫ್ ಅವರ ಕೆಲಸದ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ನ್ಯೂಯಾರ್ಕಿಗೆ ಬಾ ಅಂತ ಕರೆ ಕಳಿಸಿದವನು ಯಾರು ಗೊತ್ತಾ? ಮೀಸೆ ಚೂಪಾಗಿ ತಿರುವಿದ ಚಿತ್ರಕಾರ ಸಾಲ್ವಡಾರ್ ಡಾಲಿ! ಹಿಚ್‌ಕಾಕ್ 1945ರಲ್ಲಿ ತೆಗೆದ ‘ಸ್ಪೆಲ್‌ಬೌಂಡ್’ ಚಿತ್ರಕ್ಕೆ ಕನಸಿನ ದೃಶ್ಯ ರಚಿಸಿಕೊಟ್ಟವನು. 1954ರಲ್ಲೇ ಅವನು ಏಸುವಿನ ಶಿಲುಬೆಯನ್ನು ಬಿಚ್ಚಿ ಹರಡಿದ ಟೆಸರಾಕ್ಟಿನಂತೆ, 8 ದಾಳಗಳಾಗಿ ಬಿಡಿಸಿದ್ದ. ರಟ್ಟಿನ ಪೆಟ್ಟಿಗೆ ಬಿಚ್ಚಿದರೆ 6 ಚೌಕ ನೆಲದ ಮೇಲೆ ಹರಡುತ್ತವಲ್ಲ, ಹಾಗೆ.

ಬ್ಯಾಂಚಾಫ್ ಮತ್ತು ಸ್ಟ್ರಾಸ್ ಫಿಲ್ಮಿನ ಬಗ್ಗೆ ಒಂದು ಸಂಗತಿ ಫಿಲಿಪ್ ಡೇವಿಸ್ ಮತ್ತು ರೂಬೆನ್ ಹರ್ಷ್ ಬರೆದ 1981ರ ಪುಸ್ತಕದಲ್ಲಿದೆ. ಇಬ್ಬರೂ ಗಣಿತಜ್ಞರು. ಅವರಲ್ಲೊಬ್ಬರು ಫಿಲ್ಮು ನೋಡಿ ಮೆಚ್ಚಿದರಂತೆ, ಕಣ್ಣಿಗೆ ಹಬ್ಬವಂತೆ, ಆದರೆ ಒಳಗೆ ಏನೂ ಹತ್ತಲಿಲ್ಲವಂತೆ. ನೋಲ್‌ಗೆ ಆದದ್ದೇ! ಕೆಲವು ದಿನ ಬಿಟ್ಟು ಸ್ಟ್ರಾಸ್ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಆ ಫಿಲ್ಮು ತಯಾರಾದ ಯಂತ್ರವೇ ಅದು. ತಿರುಗಿಸೋಕೆ ರೇಡಿಯೋದಲ್ಲಿದ್ದ ಹಾಗೆ ಗುಂಡಿಗಳು. ಅವನು ತಿರುಗಿಸಿ ತೋರಿಸಿದಾಗಲೂ ಮಾಮೂಲಿ ಬೆರಗು, ಅಷ್ಟೆ. ಆಮೇಲೆ ಗುಂಡಿಗಳನ್ನು ಅವರ ಕೈಗೇ ಬಿಟ್ಟ. ಹೀಗೆ ತಿರುಗಿಸಿದರು, ಹಾಗೆ ತಿರುಗಿಸಿದರು, ದೂರ ತಳ್ಳಿದರು, ಹತ್ತಿರ ಎಳೆದರು... ಇದ್ದಕ್ಕಿದ್ದಂತೆ ಆ ವಸ್ತು ನಿಜವಾಗಿ ಕೈಗೆ ಸಿಕ್ಕ ಹಾಗಾಯಿತಂತೆ!

ನೋಡ್ರೀ, ಅದೇ ಆಕೃತಿ, ಅದೇ ಗೆರೆಗಳು. ಸೀಟಿನಲ್ಲಿ ಕೂತಾಗ ದಕ್ಕಲಿಲ್ಲ, ಗುಂಡಿ ಹಿಡಿದಾಗ ದಕ್ಕಿತು. ಸಿನಿಮಾ ಅಂದರೆ ಪ್ರಾಣ ಬಿಡೋ ನನಗೆ ಇದು ಗಂಟಲಲ್ಲಿ ಇಳಿಯದ ತುತ್ತು. ಬೆಳ್ಳಿತೆರೆಗೆ ಅಸಾಧ್ಯವಾದದ್ದಿಲ್ಲ ಅಂತ ನಾವೆಲ್ಲ ಎದೆ ತಟ್ಟಿ ಹೇಳ್ತೀವಿ. ತೋರಿಸೋದಕ್ಕೆ ಅಸಾಧ್ಯ ಇಲ್ಲ, ಅದು ನಿಜ. ತೋರಿಸಿದ್ದೆಲ್ಲ ಕಂಡೇಬಿಡುತ್ತೆ ಅನ್ನೋದಕ್ಕೆ ಮಾತ್ರ ಈ ಪೆಟ್ಟಿಗೆ ಒಪ್ಪೋದಿಲ್ಲ. ಪಂಜರದ ನೆರಳು ನಮಗೆ ಅರ್ಥವಾಗೋದು ಚಿಕ್ಕ ಮಕ್ಕಳಾಗಿದ್ದಾಗಿನಿಂದ ಡಬ್ಬ, ಚೊಂಬು, ಚೆಂಡು ಹಿಡಿದು ತಿರುಗಿಸಿದ ಕೈ ನಮ್ಮದಾಗಿರೋದಕ್ಕೆ. ನಾಲ್ಕನೇ ದಿಕ್ಕಿನಲ್ಲಿ ನಮ್ಮ ಕೈ ಯಾವತ್ತೂ ಆಡಿಲ್ಲ. ನನಗೆ ತೋಚುವ ಕಾರಣ ಇದು.

‘ಇಂಟರ್‌ಸ್ಟೆಲ್ಲರ್’ನ ಬೀರು ದೃಶ್ಯವನ್ನು ನಾನು ಕಡಿಮೆ ಅನ್ನೋದಿಲ್ಲ. ಅದರ ಒಂದು ಭಾಗವನ್ನು ನಿಜವಾಗಿ ಸೆಟ್ ಹಾಕಿ, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಬೆಳೆಸಿದರು. ಆ ಚಿತ್ರದ ದೃಶ್ಯಚಮತ್ಕಾರಕ್ಕೆ 2015ರಲ್ಲಿ ಆಸ್ಕರ್ ಬಂತು. ಆದರೆ ಅಲ್ಲಿ ನಮ್ಮನ್ನು ಹಿಡಿದು ಅಳಿಸೋದು ಅಪ್ಪ-ಮಗಳು, ಆಯಾಮ ಅಲ್ಲ. ಅಲ್ಲಿಯೂ ಬೀರುಗಳ ನಡುವೆ ಕೈಹಾಕಿ ಪುಸ್ತಕ ತಳ್ಳೋನು ಕೂಪರ್. ನಾವು ಕಡಲೆಕಾಯಿ ತಿಂತಾ ಕೂತಿರ್ತೀವಿ.

ಬ್ರೌನ್ ವಿಶ್ವವಿದ್ಯಾಲಯದ ಆ ಗುಂಡಿ ಈಗ ನಿಮ್ಮ ಜೇಬಿನಲ್ಲಿದೆ. ಮೊಬೈಲಿನಲ್ಲಿ ಟೆಸರಾಕ್ಟ್ ಅಂತ ಹುಡುಕಿದರೆ ಬೆರಳಿನಿಂದ ತಿರುಗಿಸುವಂಥದ್ದೇ ಸಿಗುತ್ತೆ. 2017ರಲ್ಲಿ ಮಾರ್ಕ್ ಟೆನ್ ಬಾಶ್ ಎಂಬಾತ ‘ಫೋರ್‌ಡಿ ಟಾಯ್ಸ್’ ಅಂತ ನಾಲ್ಕು ಆಯಾಮದ ಆಟಿಕೆ ಪೆಟ್ಟಿಗೆಯನ್ನೇ ಹೊರತಂದ. ತಾನಾಗಿ ತಿರುಗೋ ವಿಡಿಯೋ ಬೇಡ, ನೀವು ತಿರುಗಿಸೋದೇ ಬೇಕು. ನಾನು ಮೂರು ರಾತ್ರಿ ಕೂತು ಕಂಡುಕೊಂಡ ದಾರಿ ಹೇಳ್ತೀನಿ. ಇಡೀ ಪೆಟ್ಟಿಗೆ ನೋಡೋಕೆ ಹೋಗಬೇಡಿ, ತಲೆ ಗಿರ್ ಅನ್ನುತ್ತೆ. ಒಳಗಿನ ಪೆಟ್ಟಿಗೆಯ ಒಂದು ಮೂಲೆ ಹಿಡಿಯಿರಿ, ಹೀರೋಯಿನ್ ಮೇಲೆ ಕಣ್ಣಿಟ್ಟ ಹಾಗೆ ಅದರ ಮೇಲೊಂದೇ ಕಣ್ಣಿಡಿ. ಮೆಲ್ಲಗೆ ತಿರುಗಿಸಿ, ಅದು ಹೊರಗೆ ಬರೋ ಹೊತ್ತಿಗೆ ನಿಲ್ಲಿಸಿ, ಮತ್ತೆ ಒಳಕ್ಕೆ ತಳ್ಳಿ. ಆ ಮೂಲೆಯಿಂದ ಹೊರಡುವ ನಾಲ್ಕು ಗೆರೆಗಳನ್ನು ಎಣಿಸಿ. ಲೂಡೋ ದಾಳದ ಮೂಲೆಯಲ್ಲಿ ಮೂರೇ ಇರೋದು. ಆ ನಾಲ್ಕನೆಯ ಗೆರೆ ಇದೆಯಲ್ಲ, ಟೀ ಅಂಗಡಿ ಮುಂದೆ ಯಾರೂ ಬೆರಳು ಮಾಡಿ ತೋರಿಸಲಾಗದ ದಿಕ್ಕು, ಅದು ಹೋಗೋದು ಆ ಕಡೆಗೇ.