ದುಡಿದ ಹಣ ಗಡಿ ದಾಟುವಾಗ



ಎಸ್ಟೇಟಿನ ಲೈನು ಮನೆಗಳಿಂದ ಗಲ್ಫ್ ದೇಶಗಳಿಗೆ ಹೊರಡುವ ಮಕ್ಕಳ ವಿಷಯದಲ್ಲಿ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. ವೀಸಾ ಬಂತೇ? ಸಂಬಳ ಎಷ್ಟು? ಮೂರನೆಯ ಪ್ರಶ್ನೆಯೊಂದುಂಟು, ಅದನ್ನು ಕೇಳುವವರು ಕಡಿಮೆ. ದುಡಿದು ಉಳಿಸಿದ್ದು ಯಾವ ದಾರಿಯಿಂದ, ಯಾರ ಹೆಸರಿಗೆ, ಯಾವ ಕಾಗದದ ಆಧಾರದ ಮೇಲೆ ಊರಿಗೆ ಬರುತ್ತದೆ? ಇದಕ್ಕೆ ಉತ್ತರ ಸಿದ್ಧವಿಲ್ಲದೆ ಯಾರೂ ವಿಮಾನ ಹತ್ತಬಾರದೆಂಬುದು ನನ್ನ ಅಭಿಪ್ರಾಯ. ಬೆವರು ಸುರಿಸಿ ಗಳಿಸಿದ್ದು ಪರದೇಶದಲ್ಲಿರುವ ತನಕ ಅರ್ಧ ಮಾತ್ರ ನಮ್ಮದು. ದಾಖಲೆಯೊಂದಿಗೆ ಮನೆಗೆ ಮುಟ್ಟಿದ ಮೇಲೆಯೇ ಅದು ಪೂರ್ತಿ ನಮ್ಮದು.

ನಾನು ಇದನ್ನು ಬರೆಯುತ್ತಿರುವುದು ಉಮರ್ಗಾ ತಾಲೂಕಿನ ಯೆಣೆಗೂರಿನಿಂದ. ದುಡಿದ ಊರಿನ ಹಣ ಹುಟ್ಟಿದ ಊರಿನಲ್ಲಿ ನಡೆಯದ ಕಷ್ಟ ಈ ಕಡೆಯವರಿಗೆ ಹೊಸದಲ್ಲ. ಉಮರ್ಗಾ, ನಿಲಂಗಾ, ಉದಗೀರಗಳು ಆಗ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸೊಲ್ಲಾಪುರದ ಗಿರಣಿಗಳಲ್ಲಿ ಕೂಲಿ ಸಿಗುತ್ತಿದ್ದುದು ಕಲದಾರ್ ರೂಪಾಯಿಯಲ್ಲಿ. ಸಂಸ್ಥಾನದ ಪೇಟೆಗಳಲ್ಲಿ ನಡೆಯುತ್ತಿದ್ದುದು ನಿಜಾಮನ ಹಾಲಿ ಸಿಕ್ಕಾ. ನೂರು ಕಲದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಸಿಕ್ಕಾ ಎಂಬುದು ರೂಢಿಯ ದರ, ಅಂದರೆ ಆರಕ್ಕೆ ಏಳು. ಈ ಲೆಕ್ಕ ಬಲ್ಲವನ ಕೈಗೆ ಪೂರ್ತಿ ಹಣ. ತಿಳಿಯದವನ ಕೈಗೆ ವಟಾವಿನವನು ಕೊಟ್ಟಷ್ಟು. 1950ರ ದಶಕದಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಹೋಯಿತು. ವಟಾವು ಮಾತ್ರ ಹೋಗಲಿಲ್ಲ. ಅದು ಇಂದು ದುಬೈ, ರಿಯಾದ್, ಮಸ್ಕತ್‌ಗಳ ವಿನಿಮಯ ಅಂಗಡಿಗಳಲ್ಲಿ ಕೂತಿದೆ.

ಎಸ್ಟೇಟ್ ಕಾರ್ಮಿಕರಿಗೆ ಇದಕ್ಕಿಂತ ಹತ್ತಿರದ ಪಾಠವೊಂದಿದೆ. ಅದು ಸಿಲೋನಿನದು. ಕಂಗಾಣಿಗಳ ಕೈಕೆಳಗೆ ಹೋಗಿ, ಅಲ್ಲಿಯ ಚಹಾ ಮತ್ತು ರಬ್ಬರ್ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದ ತಮಿಳು ಕುಟುಂಬಗಳ ಭವಿಷ್ಯವನ್ನು 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಅವರ ಒಪ್ಪಂದ ನಿರ್ಧರಿಸಿತು. 5,25,000 ಜನರನ್ನು ಭಾರತ ತೆಗೆದುಕೊಳ್ಳಬೇಕು, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡಬೇಕು ಎಂದಾಯಿತು. ಉಳಿದ 1,50,000 ಜನರನ್ನು 1974ರಲ್ಲಿ ಎರಡು ದೇಶಗಳೂ ಅರ್ಧರ್ಧ ಹಂಚಿಕೊಂಡವು. ಹೀಗೆ ಬಂದವರಲ್ಲಿ ಕೆಲವು ಕುಟುಂಬಗಳು ಸುಳ್ಯ, ಪುತ್ತೂರು ತಾಲೂಕುಗಳಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದು ನೆಲಸಿದವು. ಈಗ ಅವರು ಕನ್ನಡ ನಾಡಿನ ಎಸ್ಟೇಟ್ ಕಾರ್ಮಿಕರೇ.

ಆ ಒಪ್ಪಂದದಲ್ಲಿ ತಲೆಗಳ ಲೆಕ್ಕದ ಜೊತೆಗೆ ಹಣದ ಮಾತೂ ಇತ್ತು. ಹಿಂದಿರುಗುವವರು ಪ್ರಾವಿಡೆಂಟ್ ಫಂಡ್ ಮತ್ತು ಗ್ರಾಚ್ಯುಟಿ ಸಹಿತ ತಮ್ಮ ಸ್ವತ್ತನ್ನು ಒಯ್ಯಬಹುದು. ಒಂದು ಕುಟುಂಬ ಒಯ್ಯಬಹುದಾದ ಗರಿಷ್ಠ ಮೊತ್ತವನ್ನು 4,000 ರೂಪಾಯಿಗಿಂತ ಕೆಳಗೆ ಇಳಿಸಬಾರದು ಎಂದು ಸಿಲೋನ್ ಸರಕಾರ ಒಪ್ಪಿಕೊಂಡಿತು. ಈ ಮಾತನ್ನು ಎರಡು ಸಲ ಓದಿರಿ. ಅದರಲ್ಲಿ ಒಳ್ಳೆಯದೂ ಇದೆ, ನೋವೂ ಇದೆ. ಕಾರ್ಮಿಕನ ಉಳಿತಾಯ ಅವನ ಹಿಂದೆಯೇ ಬರತಕ್ಕದ್ದು ಎಂದು ಎರಡು ಸರಕಾರಗಳು ಬರಹದಲ್ಲಿ ಒಪ್ಪಿದ್ದು ಒಳ್ಳೆಯದು. ತನ್ನದೇ ಹಣವನ್ನು ಒಯ್ಯಲು ದುಡಿದವನಿಗೆ ಬೇರೆಯವರು ಮಿತಿ ಹಾಕುವ ಕಾಲ ಬಂದಿತೆಂಬುದು ನೋವು.

ಕಾದ ಹಣಕ್ಕೆ ಇನ್ನೊಂದು ಅಪಾಯವುಂಟು. 1977ರ ನವೆಂಬರಿನಲ್ಲಿ ಶ್ರೀಲಂಕಾ ತನ್ನ ರೂಪಾಯಿಯ ಬೆಲೆಯನ್ನು ಬಹಳವಾಗಿ ಇಳಿಸಿತು. ಒಂದು ಅಮೆರಿಕನ್ ಡಾಲರಿಗೆ ಅಲ್ಲಿ ಸುಮಾರು 16 ರೂಪಾಯಿ ಆಯಿತು. ಭಾರತದಲ್ಲಿ ಆಗ ಡಾಲರಿಗೆ ಒಂಬತ್ತು ರೂಪಾಯಿಯೂ ಇರಲಿಲ್ಲ. ಆ ದರದಲ್ಲಿ ಅಲ್ಲಿಯ ನೂರು ರೂಪಾಯಿ ಇಲ್ಲಿಯ ಐವತ್ತೈದರ ಆಸುಪಾಸು. ಪುಸ್ತಕದಲ್ಲಿ ಅಂಕಿ ಒಂದೂ ಬದಲಾಗದೆ ಬೆಲೆ ಮಾತ್ರ ಕರಗಿತು. ಎಲೆ ಕಿತ್ತ ಕೈಗಳ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಕುವೈತಿನ ಪಾಠ ಇನ್ನೂ ಕಠಿಣ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಅಲ್ಲಿಗೆ ನುಗ್ಗಿತು. ಭಾರತ ಸರಕಾರ ವಿಮಾನಗಳ ಮೂಲಕ ಒಂದು ಲಕ್ಷಕ್ಕಿಂತ ಹೆಚ್ಚು ಜನರನ್ನು ಮನೆಗೆ ತಂದಿತು. ಜೀವ ಉಳಿಯಿತು, ಆದರೆ ಬ್ಯಾಂಕಿನ ಹಣ ಅಲ್ಲಿಯೇ ನಿಂತಿತು. ಬಹಳ ಹೆಚ್ಚಿನ ಬೆಲೆಯಿದ್ದ ಕುವೈತಿ ದಿನಾರನ್ನು ಇರಾಕಿ ದಿನಾರಿಗೆ ಸಮ ಎಂದು ಆಕ್ರಮಿಸಿದವರು ಘೋಷಿಸಿದರು. ವಿಶ್ವಸಂಸ್ಥೆ 1991ರಲ್ಲಿ ಪರಿಹಾರ ಆಯೋಗವೊಂದನ್ನು ಸ್ಥಾಪಿಸಿ, ಓಡಿ ಬಂದವರಿಗೆ ನಿಗದಿತ ಮೊತ್ತ ಕೊಡಿಸಿತು. ಒಬ್ಬರಿಗೆ 2,500ರಿಂದ 4,000 ಡಾಲರ್, ಕುಟುಂಬಕ್ಕೆ 5,000ರಿಂದ 8,000 ಡಾಲರ್. ಅದಕ್ಕಿಂತ ಹೆಚ್ಚು ಕಳೆದುಕೊಂಡವರು ಕಳೆದುಕೊಂಡದ್ದನ್ನು ತೋರಿಸಬೇಕಾಗಿತ್ತು. ಸಂಬಳದ ಚೀಟಿ, ಬ್ಯಾಂಕಿನ ಪುಸ್ತಕ, ಕರಾರು ಪತ್ರ ಇವು ಹೊತ್ತಿಗೆ ಬಂದದ್ದು ಅಲ್ಲಿ. ತಿಂಗಳು ತಿಂಗಳು ಮನೆಗೆ ಕಳುಹಿಸಿದವನ ಹಣವನ್ನಂತೂ ಯಾವ ಸೈನ್ಯವೂ ಮುಟ್ಟಲಾರದಾಗಿತ್ತು.

ಈ ಅನುಭವಗಳಿಂದ ನಾನು ಕಾಣುವ ಸತ್ಯ ಒಂದೇ. ಕೊನೆಯಲ್ಲಿ ಒಟ್ಟಿಗೆ ತರುತ್ತೇನೆ ಎಂದು ಪರದೇಶದಲ್ಲಿ ಕೂಡಿಡುವುದು ಬಡವನಿಗೆ ಆಗದ ಮಾತು. ಯುದ್ಧ, ಕಾಯಿದೆ, ನಾಣ್ಯದ ಬೆಲೆ, ಮಾಲೀಕನ ಮನಸ್ಸು, ಈ ನಾಲ್ಕೂ ನಮ್ಮ ಕೈಯಲ್ಲಿಲ್ಲ. ಸಂಬಳ ಬಂದ ವಾರವೇ ಬ್ಯಾಂಕಿನ ದಾರಿಯಲ್ಲಿ ಊರಿಗೆ ಕಳುಹಿಸುವುದು ನಮ್ಮ ಕೈಯಲ್ಲಿದೆ.

ಇಲ್ಲಿ ಹುಂಡಿಯ ಮಾತು ಬರುತ್ತದೆ. ಹುಂಡಿಯವನು ಮನೆ ಬಾಗಿಲಿಗೇ ತಂದು ಕೊಡುತ್ತಾನೆ, ಕೆಲವು ಸಲ ನಾಲ್ಕು ಪೈಸೆ ಹೆಚ್ಚೇ ಕೊಡುತ್ತಾನೆ, ಅರ್ಜಿ ತುಂಬು ಎನ್ನುವುದಿಲ್ಲ. ಇದೆಲ್ಲ ನಿಜವೆಂದು ಒಪ್ಪೋಣ. ಆದರೆ ಅವನು ರಸೀದಿಯನ್ನೂ ಕೊಡುವುದಿಲ್ಲ. ಹಣ ಬರಲಿಲ್ಲವಾದರೆ ಯಾವ ಠಾಣೆಗೂ ಹೋಗುವಂತಿಲ್ಲ, ಏಕೆಂದರೆ ಕಳುಹಿಸಿದ್ದೇ ಕಾಯಿದೆಗೆ ವಿರುದ್ಧ. ವಿದೇಶೀ ವಿನಿಮಯದ 1999ರ ಕಾಯಿದೆಯ ಪ್ರಕಾರ ಒಳಗೊಂಡ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಹತ್ತು ವರ್ಷ ದುಡಿದು ಬಂದವನು ಜಾಗ ಕೊಳ್ಳಲು ಅಥವಾ ಸಾಲ ಕೇಳಲು ಹೋದಾಗ ಹಣದ ಮೂಲ ತೋರಿಸಲಾರದೆ ನಿಲ್ಲುತ್ತಾನೆ. ಅವನು ಅಲ್ಲಿಯೇ ತೀರಿಕೊಂಡರಂತೂ ಹೆಂಡತಿ ಮಕ್ಕಳಿಗೆ ಬರಬೇಕಾದದ್ದು ಎಷ್ಟೆಂದು ಹೇಳುವವರೇ ಇಲ್ಲ.

ಹಾಗೆಂದು ಹುಂಡಿಗೆ ಹೋದವರನ್ನು ಬೈದು ಸುಮ್ಮನಾಗುವುದು ನ್ಯಾಯವಲ್ಲ. ಮುಂಬಾಗಿಲು ಅಷ್ಟು ಕಷ್ಟವಾಗಿರುವುದರಿಂದಲೇ ಜನ ಹಿಂಬಾಗಿಲಿಗೆ ಹೋಗುತ್ತಾರೆ. ವಲಸೆ ಕಾರ್ಮಿಕರು ಹಣ ಕಳುಹಿಸುವ ವೆಚ್ಚವನ್ನು 2030ರೊಳಗೆ ನೂರಕ್ಕೆ ಮೂರಕ್ಕಿಂತ ಕಡಿಮೆ ಮಾಡಬೇಕೆಂದು ಲೋಕದ ಸರಕಾರಗಳು 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಿಕೊಂಡಿವೆ. ಲೋಕದ ಸರಾಸರಿ ಇನ್ನೂ ನೂರಕ್ಕೆ ಆರರ ಸುತ್ತ ನಿಂತಿದೆ. ಅದರ ಮೇಲೆ ಅರ್ಜಿಗಳ ಭಾಷೆಯ ತೊಡಕು. ನಮ್ಮ ಯೆಣೆಗೂರಿನ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಬ್ಯಾಂಕಿನ ಕಾಗದ ಇಂಗ್ಲಿಷ್. ಲೈನು ಮನೆಯ ತಮಿಳು, ತುಳು, ಕನ್ನಡದವರ ಪಾಡೂ ಹೆಚ್ಚು ಬೇರೆಯಲ್ಲ.

ಆದುದರಿಂದ ಯೂನಿಯನ್‌ಗಳ ಮುಂದೆ ನನ್ನ ಬೇಡಿಕೆ ಇದು. ಬೋನಸ್ಸು, ಕೂಲಿ ದರಗಳ ಜೊತೆಗೆ ಇದನ್ನೂ ಸೇರಿಸಿಕೊಳ್ಳಿರಿ. ಹೊರದೇಶಕ್ಕೆ ಹೋಗುವವರು ಹೆಚ್ಚಿರುವ ಎಸ್ಟೇಟುಗಳಿಗೆ ಬಟವಾಡೆಯ ದಿನ ಬ್ಯಾಂಕಿನವರು ಬಂದು ಕೂರಲಿ. ಅರ್ಜಿಗಳು ಜನರ ಭಾಷೆಯಲ್ಲಿರಲಿ. ಲೈನಿಗೆ ಒಬ್ಬರಂತೆ ಓದುಬರಹ ಬಲ್ಲ ಹೆಣ್ಣುಮಗಳಿಗೆ ಈ ವಿಷಯದಲ್ಲಿ ತರಬೇತಿ ಸಿಗಲಿ. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ, ಮನಸ್ಸು ಬೇಕು.

ಅಷ್ಟರವರೆಗೆ ಪ್ರತಿ ಮನೆಯವರೂ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ಹೊರಡುವ ಮುಂಚೆ ಇಲ್ಲಿಯ ಲೆಕ್ಕ ಮುಗಿಸಿರಿ. ಐದು ವರ್ಷ ತುಂಬಿ ಎಸ್ಟೇಟ್ ಬಿಡುವ ಕಾಯಂ ಕಾರ್ಮಿಕನಿಗೆ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಗ್ರಾಚ್ಯುಟಿ ಬರುತ್ತದೆ; ಇದು 1972ರಿಂದ ಕಾಯಿದೆಯಲ್ಲಿ ಬಂದ ಹಕ್ಕು, ಮಾಲೀಕನ ಧರ್ಮವಲ್ಲ. ಪಿ.ಎಫ್. ಖಾತೆಯ ಯುಎಎನ್ ಸಂಖ್ಯೆಯನ್ನು ಮನೆಯ ಪುಸ್ತಕದಲ್ಲಿ ಬರೆದಿಡಿರಿ.

ಎರಡನೆಯದು, ಖಾತೆಯ ಕೆಲಸ. ಹೊರದೇಶಕ್ಕೆ ದುಡಿಯಲು ಹೋದ ಮೇಲೆ ಇಲ್ಲಿಯ ಸಾಧಾರಣ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ ಬದಲಿಸಬೇಕು. ಅಲ್ಲಿಯ ಸಂಪಾದನೆಯನ್ನು ಇಡಲು ಎನ್‌ಆರ್‌ಇ ಖಾತೆ ತೆರೆಯಬಹುದು. ಅದರ ಹಣವನ್ನೂ ಬಡ್ಡಿಯನ್ನೂ ಬೇಕೆಂದಾಗ ಮತ್ತೆ ಹೊರದೇಶಕ್ಕೆ ಒಯ್ಯಬಹುದು. ಹೊರದೇಶದ ನಿವಾಸಿಯಾಗಿರುವ ತನಕ ಆ ಬಡ್ಡಿಗೆ ಆದಾಯ ತೆರಿಗೆಯಿಲ್ಲ. ಕಾಯಂ ಆಗಿ ಹಿಂದಿರುಗಿದಾಗ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ಮತ್ತೆ ಬದಲಿಸಿರಿ.

ಮೂರನೆಯದು, ಮನೆಯ ಖರ್ಚಿನ ಹಣ ಹೆಂಡತಿಯ ಸ್ವಂತ ಖಾತೆಗೇ ಬರಲಿ. ಅಣ್ಣನ ಖಾತೆಗೆ, ಮಾವನ ಖಾತೆಗೆ, ಅಂಗಡಿಯವನ ಖಾತೆಗೆ ಕಳುಹಿಸಿ ಆಮೇಲೆ ಜಗಳವಾಡಿದ ಮನೆಗಳು ಕಡಿಮೆಯಿಲ್ಲ. ಕಾಯುವವಳು ಅವಳು, ಸಾಲಗಾರನಿಗೆ ಉತ್ತರ ಕೊಡುವವಳು ಅವಳು. ಲೆಕ್ಕ ಮಾತ್ರ ಬೇರೆಯವರಲ್ಲಿ ಇರುವುದು ಯಾವ ನ್ಯಾಯ? ನಾಮಿನಿಯ ಹೆಸರನ್ನು ಪ್ರತಿ ಖಾತೆಯಲ್ಲೂ ಬರೆಸಿರಿ. ಮನೆಗೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು ಸಂಬಳವನ್ನು ಯಜಮಾನನ ಬಳಿಯೇ ಇರಲಿ ಎಂದು ಬಿಡಬಾರದು.

ನಾಲ್ಕನೆಯದು, ವಿನಿಮಯ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ. ಶುಲ್ಕ ಎಷ್ಟು ಎಂದಷ್ಟೇ ಕೇಳಬೇಡಿರಿ. ಶುಲ್ಕವಿಲ್ಲ ಎಂದವನು ದರದಲ್ಲಿ ಹಿಡಿದುಕೊಳ್ಳುತ್ತಾನೆ. ಸಾವಿರ ದಿರ್ಹಮ್ ಕೊಟ್ಟರೆ ನನ್ನ ಮನೆಯ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಎರಡು ಮೂರು ಕಡೆ ಕೇಳಿರಿ. ದಿರ್ಹಮ್‌ಗೆ ಇಪ್ಪತ್ತೈದು ಪೈಸೆ ವ್ಯತ್ಯಾಸವಾದರೆ ಸಾವಿರಕ್ಕೆ 250 ರೂಪಾಯಿ, ವರ್ಷಕ್ಕೆ 3,000 ರೂಪಾಯಿ. ನಮ್ಮ ಹಿರಿಯರ ಆರಕ್ಕೆ ಏಳರ ಲೆಕ್ಕ ಇದೇ.

ಐದನೆಯದು, ಹಿಂದಿರುಗುವ ಕಾಲದ ಎಚ್ಚರ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಒಂದು ವರ್ಷ ತುಂಬಿದ ಕಾರ್ಮಿಕನಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲ ವೇತನ ಸೇವಾಂತ್ಯದ ಹಣವಾಗಿ ಸಲ್ಲುತ್ತದೆ. ಸೌದಿ ಅರೇಬಿಯದಲ್ಲಿ ಲೆಕ್ಕ ಬೇರೆ, ಹಕ್ಕು ಮಾತ್ರ ಉಂಟು. ಎಲ್ಲ ಬಾಕಿ ಮುಟ್ಟಿದೆ ಎಂಬ ಕಾಗದಕ್ಕೆ ಹಣ ಬರುವ ಮೊದಲೇ ಸಹಿ ಹಾಕಬೇಡಿರಿ. ವೀಸಾ ರದ್ದಾಗುವ ಮುಂಚೆ ಅಲ್ಲಿಯ ಖಾತೆಯನ್ನು ಖಾಲಿ ಮಾಡಿ ಊರಿಗೆ ಕಳುಹಿಸಿರಿ. ಸಂಬಳದ ಚೀಟಿಗಳ, ಕರಾರಿನ, ರಸೀದಿಗಳ ಒಂದೊಂದು ಪ್ರತಿ ಮನೆಯಲ್ಲಿರಲಿ.

ಬಂಧುಗಳೇ, ಚೆಕ್‌ರೋಲಿನಲ್ಲಿ ಒಂದು ದಿನದ ಹಾಜರಿ ತಪ್ಪಿದರೆ ರೈಟರ್ ಮುಂದೆ ನಿಂತು ಕೇಳುವ ಜನ ನಾವು. ಹತ್ತು ವರ್ಷದ ದುಡಿಮೆ ಗಡಿ ದಾಟಿ ಬರುವಾಗ ಕೇಳದೆ ಇರುವುದೇಕೆ? ಈ ತಿಂಗಳು ನಿಮ್ಮ ಲೈನಿನಿಂದ ಹೊರಡುವವರು ಯಾರಾದರೂ ಇದ್ದರೆ ಅವರ ಮನೆಗೆ ಹೋಗಿರಿ, ಮೂರನೆಯ ಪ್ರಶ್ನೆಯನ್ನು ಕೇಳಿರಿ, ಖಾತೆಯ ಪುಸ್ತಕವನ್ನು ತೆಗೆಸಿ ನೋಡಿರಿ.