ಸಮಾನತೆಯನ್ನು ಅಳೆದು ನೋಡೋಣ

ಅನುಭವ ಮಂಟಪದ ಮಾತು ಬಂದಾಗಲೆಲ್ಲ ನಾವು ಅಕ್ಕಮಹಾದೇವಿಯನ್ನು ನೆನೆಯುತ್ತೇವೆ. ನೆನೆಯಬೇಕಾದದ್ದೇ. ಆದರೆ ನಮ್ಮ ಮಠಗಳು ನಡೆಸುವ ಕಾಲೇಜುಗಳಲ್ಲಿ ಪ್ರಾಚಾರ್ಯರ ಕುರ್ಚಿಯಲ್ಲಿ, ಆಡಳಿತ ಮಂಡಳಿಯಲ್ಲಿ ಎಷ್ಟು ಜನ ಅಕ್ಕಂದಿರಿದ್ದಾರೆ ಎಂದು ಎಣಿಸಿದ್ದೇವೆಯೇ?

'ಈಗ ಹೆಣ್ಣುಮಕ್ಕಳೇ ಮುಂದಿದ್ದಾರಲ್ಲ' ಎನ್ನುವವರಿದ್ದಾರೆ. ಕೇಂದ್ರ ಸರ್ಕಾರದ 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ವಿದ್ಯಾರ್ಥಿಗಳಲ್ಲಿ ಶೇ. 49ರಷ್ಟು ಹೆಣ್ಣುಮಕ್ಕಳು ನಿಜ. ಅಧ್ಯಾಪಕರಲ್ಲಿ ಅದು ಶೇ. 43. ಪ್ರೊಫೆಸರ್, ಕುಲಪತಿ ಎಂದು ಮೇಲೆ ಹೋದಂತೆ ಸಂಖ್ಯೆ ಇನ್ನೂ ಇಳಿಯುತ್ತದೆ.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಕಮಲಾ ಭಾಗವತ್ (ಮುಂದೆ ಸೊಹೊನಿ) ಅವರಿಗೆ ಹೆಣ್ಣು ಎಂಬ ಕಾರಣಕ್ಕೆ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದ್ದರು. ಆಕೆ ಹಟ ಹಿಡಿದ ಮೇಲೆ ಒಂದು ವರ್ಷದ ಷರತ್ತಿನ ಮೇಲೆ ಸೇರಿಸಿಕೊಂಡರು. ಅಂದಿನ ತಡೆ ಬಾಗಿಲಲ್ಲೇ ಕಾಣುತ್ತಿತ್ತು. ಇಂದಿನದು ನಿಯಮಗಳ ಒಳಗೆ ಅಡಗಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಜೋನ್ ಆಕರ್ 1990ರಲ್ಲಿ ಇದನ್ನೇ ವಿವರಿಸಿದರು: ಮನೆ-ಮಕ್ಕಳ ಹೊಣೆಯಿಲ್ಲದ ನೌಕರನನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಂಸ್ಥೆಗಳು ಹುದ್ದೆಗಳನ್ನು ರೂಪಿಸುತ್ತವೆ. ನಿಯಮ ಎಲ್ಲರಿಗೂ ಒಂದೇ ಎನಿಸುತ್ತದೆ, ಅಳತೆ ಮಾತ್ರ ಗಂಡಸಿನದು. ಎಂಜಿನಿಯರನಾದ ನನಗೆ ಈ ಮಾತು ಬೇಗ ಹಿಡಿಸಿತು. ನಕ್ಷೆಯಲ್ಲೇ ದೋಷವಿದ್ದರೆ ಮೇಸ್ತ್ರಿಯನ್ನು ಬೈದು ಫಲವಿಲ್ಲ.

ದೋಷ ತೋರಿಸಲು ಅಳತೆ ಬೇಕು. ಅಮೆರಿಕದ ಎಂಐಟಿಯಲ್ಲಿ ಜೀವವಿಜ್ಞಾನಿ ನ್ಯಾನ್ಸಿ ಹಾಪ್‌ಕಿನ್ಸ್ ಟೇಪು ಹಿಡಿದು ಪ್ರಯೋಗಾಲಯಗಳನ್ನೇ ಅಳೆದರು. ಪುರುಷ ಸಹೋದ್ಯೋಗಿಗಳಿಗೆ ಹೆಚ್ಚು ಜಾಗ ಸಿಕ್ಕಿತ್ತು. ಬಳಿಕ ಮಹಿಳಾ ಅಧ್ಯಾಪಕರು ಸೇರಿ ಸಂಬಳ, ಸ್ಥಳ, ಅಧಿಕಾರ ಎಲ್ಲದರ ಲೆಕ್ಕ ತೆಗೆದರು. 1999ರ ವರದಿಯಲ್ಲಿ ಸಂಸ್ಥೆ ತಾರತಮ್ಯವನ್ನು ಬಹಿರಂಗವಾಗಿ ಒಪ್ಪಿಕೊಂಡಿತು.

ಅಳತೆ ನಮಗೆ ಹೊಸದೇನಲ್ಲ. ಗಂಡ ಮಾರಯ್ಯ ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚೆಂದು ಕಂಡ ಆಯ್ದಕ್ಕಿ ಲಕ್ಕಮ್ಮ, ಅದನ್ನು ಅಲ್ಲೇ ಸುರಿದು ಬರಲು ಹೇಳಿದಳು. ಮಾರಯ್ಯ ಆ ಮಾತನ್ನು ನಡೆಸಿದ.

ಆದ್ದರಿಂದ ಪೂಜ್ಯರಲ್ಲಿ, ಸಂಸ್ಥೆಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ವರ್ಷ ಬಸವ ಜಯಂತಿಗೆ ನಮ್ಮ ಕಾಲೇಜುಗಳು ಒಂದು ಪುಟದ ಲೆಕ್ಕ ಪ್ರಕಟಿಸಲಿ: ಕಾಯಂ ಹುದ್ದೆಯಲ್ಲಿ, ಅತಿಥಿ ಉಪನ್ಯಾಸಕರಲ್ಲಿ, ವಿಭಾಗ ಮುಖ್ಯಸ್ಥರಲ್ಲಿ, ಆಡಳಿತ ಮಂಡಳಿಯಲ್ಲಿ ಹೆಣ್ಣೆಷ್ಟು, ಗಂಡೆಷ್ಟು, ಹೆರಿಗೆ ರಜೆಯ ನಂತರ ಬಡ್ತಿ ತಪ್ಪಿದವರೆಷ್ಟು. ನುಡಿದಂತೆ ನಡೆದಿದ್ದೇವೆಯೋ ಇಲ್ಲವೋ ಆ ಪುಟವೇ ಹೇಳುತ್ತದೆ.